ಅನ್ನಕುಟ್ಟಿಯ ಮನೆಗೆ ದಾರಿ ತೋರಿಸಿದ್ದು ನಾನೇ

ಅನ್ನಕುಟ್ಟಿ ಡೆನ್ಮಾರ್ಕಿಗೆ ಹೋದದ್ದು ೧೯೮೩ರಲ್ಲಿ. ಹೋಗಬೇಕಾಗಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳ ಬಗ್ಗೆ ನಾನು ಎಷ್ಟು ಒಳ್ಳೆಯ ಮಾತಾಡಿದರೂ ಅದರ ಅಡಿಯಲ್ಲಿ ಹೊಟ್ಟೆಕಿಚ್ಚು ಇದ್ದೇ ಇರುತ್ತದೆ.

ಆಗ ಕಡಬದಲ್ಲಿ ಕೆಲಸವಿಲ್ಲದ ಹುಡುಗ ಹುಡುಗಿಯರಿಗೆಂದು ಒಂದು ತರಬೇತಿ ಕೇಂದ್ರವಿತ್ತು. ಸುಳ್ಯದಿಂದ ಬಂದು ಅಲ್ಲೇ ಮನೆ ಮಾಡಿದ ಕೂಸಪ್ಪ ಗೌಡರ ಮಗಳು ಕುಮುದಿನಿ, ಅಂದರೆ ನಾನು, ಅಲ್ಲಿ ಹೊಲಿಗೆ ಟೀಚರ್. ಅನ್ನಕುಟ್ಟಿ ನನ್ನ ಶಿಷ್ಯೆ. ಕೇರಳದಿಂದ ಬಂದು ರಬ್ಬರ್ ಹಾಕಿದ ಔಸೇಪಣ್ಣನ ಮಗಳು. ನೆಟ್ಟಗೆ ಒಂದು ಕಾಲರ್ ಕೂರಿಸಲು ಬರುತ್ತಿರಲಿಲ್ಲ. ಆದರೆ ಸಂಜೆ ಕ್ಲಾಸು ಗುಡಿಸಿ, ಬಿದ್ದ ಬಟ್ಟೆ ಚೂರುಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೋಗುತ್ತಿದ್ದಳು. ಅವಳಿಗೆ ‘ಚಿಂದಿ ಅನ್ನಕುಟ್ಟಿ’ ಎಂದು ಹೆಸರಿಟ್ಟವಳೇ ನಾನು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಅವಳು ನಗುವುದೇ ನನಗೆ ಆಗುತ್ತಿರಲಿಲ್ಲ.

೮೨ರ ಡಿಸೆಂಬರಿನಲ್ಲಿ ಡೆನ್ಮಾರ್ಕಿನಿಂದ ಒಬ್ಬ ಮದಾಮ್ ಬಂದರು. ಅವರ ಊರಿನಲ್ಲಿ ಜನ ಬಿಸಾಡಿದ ಬಟ್ಟೆ, ಕುರ್ಚಿ, ಸೈಕಲ್ಲುಗಳನ್ನು ಒಟ್ಟುಮಾಡಿ, ರಿಪೇರಿ ಮಾಡಿ ಮಾರುವ ಒಂದು ಶೆಡ್ಡು ಇತ್ತಂತೆ. ಅದರಿಂದ ಅಲ್ಲಿನ ನಿರುದ್ಯೋಗಿ ಹುಡುಗರಿಗೆ ಕೆಲಸ. ನಮ್ಮಲ್ಲಿಂದ ಒಬ್ಬರು ಆರು ತಿಂಗಳು ಅಲ್ಲಿದ್ದು ಕಲಿತು ಬರಬೇಕು, ಬಂದವರು ಕೇಂದ್ರದ ಮೇಲ್ವಿಚಾರಕಿ ಆಗಬೇಕು. ಕೇಂದ್ರದ ಕಾರ್ಯದರ್ಶಿ ಕೃಷ್ಣಮೋಹನ ಎರಡು ಹೆಸರು ಕೊಟ್ಟಿದ್ದರು, ನನ್ನದು ಮತ್ತು ಅನ್ನಕುಟ್ಟಿಯದು. ಇಬ್ಬರ ಮನೆಯನ್ನೂ ನೋಡಿ ಮದಾಮ್ ತೀರ್ಮಾನ ಮಾಡುವುದೆಂದಾಯಿತು. ಏಳು ವರ್ಷ ಪಾಠ ಹೇಳಿದ ನನ್ನನ್ನೂ ಒಂದು ಕಾಲರ್ ಬಾರದವಳನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು.

ಶುಕ್ರವಾರ ಬೆಳಿಗ್ಗೆ ನಮ್ಮ ಮನೆ. ನೆಂಟರು ಬರುವಾಗ ಹಳತನ್ನು ಅಡಗಿಸುವುದು ನಮ್ಮ ಕಡೆಯ ಮರ್ಯಾದೆ. ತೆಂಗಿನ ಚಿಪ್ಪಿನ ಸೌಟು, ಹಳೆ ಸೀರೆ ಹೊಲಿದ ಹೊದಿಕೆ, ಅಪ್ಪನ ಟಯರು ಚಪ್ಪಲಿ, ಎಲ್ಲವನ್ನೂ ಹಿಂದಿನ ದಿನವೇ ಹಟ್ಟಿಯ ಅಟ್ಟಕ್ಕೆ ಏರಿಸಿದೆ. ಪಕ್ಕದ ಮನೆಯಿಂದ ನಾಲ್ಕು ಸ್ಟೀಲ್ ಕುರ್ಚಿ ತಂದೆ. ಪುತ್ತೂರಿನಿಂದ ಹೊಸ ಕಪ್-ಸಾಸರು ತರಿಸಿದೆ. ಮದಾಮ್ ಸುತ್ತ ನೋಡಿ ಏನೋ ಕೇಳಿದರು.

“ಹಾಳಾದ ವಸ್ತುಗಳನ್ನು ನೀವು ಎಂತ ಮಾಡುದು ಅಂತ ಕೇಳ್ತಾರೆ,” ಎಂದರು ಕೃಷ್ಣಮೋಹನ.

“ನಮ್ಮಲ್ಲಿ ಹಳತು ಎಂತದೂ ಇಲ್ಲ. ಹಾಳಾದ ಕೂಡಲೇ ಬಿಸಾಡುದು,” ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಮದಾಮ್ ತಲೆ ಅಲ್ಲಾಡಿಸಿ ಚಹಾ ಕುಡಿದರು.

ಅನ್ನಕುಟ್ಟಿಯ ಮನೆಗೆ ಹೋಗುವುದು ಆದಿತ್ಯವಾರ, ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಎಂದಿತ್ತು. ಆಗ ಎಲ್ಲರೂ ಮಿಂದು ಬಿಳಿ ಬಟ್ಟೆಯಲ್ಲಿ ಇರುತ್ತಾರೆ. ಅದು ನನಗೆ ಬೇಡವಾಗಿತ್ತು. ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ದಿನ ಹನ್ನೊಂದು ಗಂಟೆಗೆ ರಬ್ಬರಿನವರ ಅಂಗಳ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಮರದ ಗಾಯದಲ್ಲೂ ಹಾಲು ಹಿಡಿಯುವ ಚಿಪ್ಪಿನಲ್ಲೂ ಅಂಟಿ ಒಣಗಿದ ಹಾಲನ್ನು ಅವರು ಕಿತ್ತು ಚೀಲಕ್ಕೆ ತುಂಬಿ ಮಾರುತ್ತಾರೆ. ಅದಕ್ಕೆ ಒಟ್ಟುಪಾಲು ಎನ್ನುತ್ತಾರೆ. ಅದರ ನಾತ ಮೂಗಿಗೆ ಹೊಡೆದರೆ ಉಂಡ ಅನ್ನ ಮೇಲೆ ಬರಬೇಕು.

“ಕೃಷ್ಣಮೋಹನಣ್ಣ, ಅನ್ನಕುಟ್ಟಿಯ ಮನೆ ಇಲ್ಲೇ ಹತ್ತಿರ ಉಂಟಲ್ಲ, ಈಗಲೇ ಹೋಗಿ ಬರುವ. ನಾನೇ ದಾರಿ ತೋರಿಸ್ತೇನೆ,” ಎಂದೆ.

ನಾನು ಎಣಿಸಿದ ಹಾಗೆಯೇ ಇತ್ತು. ಅಂಗಳದಲ್ಲಿ ಅನ್ನಕುಟ್ಟಿ ಮಂಡಿಯೂರಿ ಒಟ್ಟುಪಾಲು ತುಂಬುತ್ತಿದ್ದಳು. ಸೊಂಟಕ್ಕೆ ಗೊಬ್ಬರದ ಚೀಲ, ಕೈಯೆಲ್ಲ ಕಪ್ಪು. ಅವಳ ತಾಯಿ ಕತ್ರೀನಾ ಗಾಬರಿಯಲ್ಲಿ ಒಳಗೆ ಓಡಿದಳು. ನಾನು ಸೆರಗು ಮೂಗಿಗೆ ಹಿಡಿದು ಮದಾಮಿನ ಮುಖ ನೋಡಿದೆ. ಮದಾಮ್ ಮೂಗು ಮುಚ್ಚಲಿಲ್ಲ. ಅನ್ನಕುಟ್ಟಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಒಂದು ಚೂರನ್ನು ಎಳೆದು ನೋಡಿದರು. ಆಮೇಲೆ ಒಂದೊಂದೇ ಕೇಳತೊಡಗಿದರು. ಸೈಕಲ್ ಟ್ಯೂಬು ಸೀಳಿ ಮಾಡಿದ ಹಗ್ಗ, ಹಾಲಿನ ಪುಡಿಯ ಡಬ್ಬದ ದೀಪ, ಎಲ್ಲದರ ಫೋಟೋ ತೆಗೆದರು. ನಮ್ಮ ಕ್ಲಾಸಿನ ಚಿಂದಿಯಿಂದ ಹೊಲಿದ ಹೊದಿಕೆಯನ್ನು ಬಿಸಿಲಿಗೆ ಹಿಡಿದು ಹೊಗಳಿದ್ದೇ ಹೊಗಳಿದ್ದು. ಆ ಚೂರುಗಳಲ್ಲಿ ನನ್ನ ರವಿಕೆಯದೂ ಇತ್ತು. ಎರಡು ಗಂಟೆ ಹೊತ್ತು ನಾನು ಅಂಗಳದಲ್ಲಿ ನಿಂತೇ ಇದ್ದೆ, ಕೂತುಕೊಳ್ಳಿ ಎಂದು ಹೇಳುವವರೂ ಇರಲಿಲ್ಲ.

ಮಾರ್ಚಿನಲ್ಲಿ ಅವಳು ವಿಮಾನ ಹತ್ತಿದಳು. ಅಲ್ಲಿಂದ ಕಾಗದ ಬರೆಯುವುದು ನನ್ನ ವಿಳಾಸಕ್ಕೆ, ಕ್ಲಾಸಿಗೆ ಓದಿ ಹೇಳಬೇಕಾದವಳೂ ನಾನು. “ಟೀಚರೇ, ಇಲ್ಲಿ ಬಿಳಿಯರ ಮಕ್ಕಳಿಗೂ ಕೆಲಸ ಇಲ್ಲ. ಒಳ್ಳೆ ಸೋಫಾವನ್ನೇ ರಸ್ತೆಗೆ ಹಾಕ್ತಾರೆ. ಮೊದಲ ದಿನ ನನಗೆ ಅಳು ಬಂತು. ಈಗ ನಾಲ್ಕು ಹುಡುಗರಿಗೆ ಚಿಂದಿ ಹೊದಿಕೆ ಹೊಲಿಯಲು ಕಲಿಸ್ತಿದ್ದೇನೆ,” ಎಂದು ಬರೆದಿದ್ದಳು. ಹುಡುಗರಿಗೆ ಕಲಿಸುತ್ತಿದ್ದಾಳೆ ಎಂಬ ಸಾಲನ್ನು ನಾನು ಓದಲಿಲ್ಲ. ನುಂಗಿಬಿಟ್ಟೆ.

ಆರು ತಿಂಗಳಾದ ಮೇಲೆ ಬಂದಳು, ಮೇಲ್ವಿಚಾರಕಿಯೂ ಆದಳು. ಸ್ವಾಗತದ ಸಭೆಯಲ್ಲಿ ಎದ್ದು ನಿಂತು ಅವಳು ಹೇಳಿದ್ದು ಇಷ್ಟು:

“ನಾನು ಹೋದದ್ದು ಕುಮುದಿನಿ ಟೀಚರಿಂದ. ಆದಿತ್ಯವಾರ ಮದಾಮ್ ಬರ್ತಾರೆ ಅಂತ ನನ್ನ ಅಪ್ಪಚ್ಚನ್ ಎಲ್ಲ ತಯಾರಿ ಮಾಡಿದ್ರು. ಹಳೆ ಸಾಮಾನು ಪೂರಾ ರಬ್ಬರ್ ಒಣಗಿಸುವ ಹೊಗೆಮನೆಯಲ್ಲಿ ಅಡಗಿಸ್ಲಿಕ್ಕೆ, ಇಗರ್ಜಿಯಿಂದ ಕುರ್ಚಿ ತರ್ಲಿಕ್ಕೆ ಹೇಳಿ ಆಗಿತ್ತು. ಟೀಚರ್ ಶುಕ್ರವಾರವೇ ಕರ್ಕೊಂಡು ಬಂದದ್ದರಿಂದ ನಾನು ಬಚಾವು. ತನಗೆ ಸಿಗುವುದನ್ನು ಬಿಟ್ಟು ಶಿಷ್ಯೆಗೆ ದಾರಿ ಮಾಡಿ ಕೊಡುವವರು ಎಷ್ಟು ಜನ ಉಂಟು ಹೇಳಿ?”

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಔಸೇಪಣ್ಣ ಕಣ್ಣೊರೆಸಿಕೊಂಡು ಕೈಮುಗಿದರು. ನಾನೂ ಎದ್ದು ಕೈಮುಗಿದೆ. ಆಮೇಲೆ ಒಂಬತ್ತು ವರ್ಷ ಅವಳ ಕೈಕೆಳಗೆ ಕೆಲಸ ಮಾಡಿದೆ. ಆ ಮಾತನ್ನು ಅವಳು ಪ್ರತಿ ವರ್ಷ ಹೊಸ ಹುಡುಗಿಯರಿಗೆ ಹೇಳುತ್ತಿದ್ದಳು, ನಾನು ಒಮ್ಮೆಯೂ ತಿದ್ದಲಿಲ್ಲ.