ಚಾಚಾಗೆ ನಾನು ಹೇಳದೆ ಉಳಿದದ್ದು

ಮೊನ್ನೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಯಾರೋ ಒಬ್ಬರು ನನ್ನ ಪಕ್ಕದಲ್ಲಿ ಗೋಣಿಚೀಲವೊಂದನ್ನು ಇಳಿಸಿದರು. ನೂಲು ತೆಗೆದ ಮೇಲೆ ರೇಷ್ಮೆಗೂಡಿನಲ್ಲಿ ಉಳಿಯುವ ಹುಳುಗಳನ್ನು ಒಣಗಿಸಿ ತುಂಬಿದ್ದ ಚೀಲ. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಎದ್ದುಹೋದರು. ನಾನು ಕೂತೇ ಇದ್ದೆ. ನನ್ನ ಬಸ್ಸು ಬಂತು, ಹೋಯಿತು…

ಅರವತ್ತರ ದಶಕದಲ್ಲಿ ಶಿಡ್ಲಘಟ್ಟದಲ್ಲಿ ಮೂರು ವರ್ಷ ಆ ವಾಸನೆಯಲ್ಲೇ ಮಲಗಿ ಆ ವಾಸನೆಯಲ್ಲೇ ಎದ್ದವನು ನಾನು. ತೊಂಡೇಬಾವಿಯಿಂದ ಟ್ರಂಕು ಹೊತ್ತು ಬಂದಾಗ ನನಗೆ ಇಪ್ಪತ್ತೆರಡು. ರೇಷ್ಮೆಗೆ ಸಂಬಂಧಿಸಿದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ. ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಮನೆಯ ಮುಂದಿನ ಕೋಣೆ. ಹಿತ್ತಲಲ್ಲಿ ಎರಡು ಚರಕ, ಕುದಿಯುವ ನೀರಿನ ಬಾನಿ, ಬಾನಿಯಲ್ಲಿ ತೇಲುವ ಗೂಡುಗಳು. ಮನೆಯ ಯಜಮಾನರು ರೈತರಿಂದ ಗೂಡು ಕೊಂಡು ನೂಲು ಬಿಚ್ಚಿಸಿ ಮಾರುತ್ತಿದ್ದರು. ಬೀದಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಮೊದಲ ವಾರ ನಾನು ಬರೀ ಮಜ್ಜಿಗೆ ಅನ್ನ ತಿನ್ನುತ್ತಿದ್ದುದನ್ನು ಅವರ ಹೆಂಡತಿ ಚಾಚಿ ಗಮನಿಸಿರಬೇಕು. ಒಂದು ಸಂಜೆ ಚಾಚಾ ತಾವೇ ಒಂದು ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು.

“ಹುರುಳಿಕಾಳು ಸಾರು, ಮುದ್ದೆ. ನಿನಗೇಂತ ಬೇರೆ ಪಾತ್ರೆ ಇಟ್ಟಿದೀವಿ ಬೇಟಾ. ಮಾಂಸ ಮುಟ್ಟಿದ್ದಲ್ಲ. ಯೋಚ್ನೆ ಮಾಡ್ದೆ ತಿನ್ನು.”

ಎರಡು ತಿಂಗಳು ಆ ಬೇರೆ ಪಾತ್ರೆಯಲ್ಲೇ ಉಂಡೆ. ಆಮೇಲೆ ಒಂದು ದಿನ ನಾನೇ ಒಳಗೆ ಹೋಗಿ, ಎಲ್ಲರ ಜೊತೆ ಚಾಪೆಯ ಮೇಲೆ ಕೂತೆ. ಚಾಚಿ ತಲೆಯ ಸೆರಗು ಸರಿಮಾಡಿಕೊಂಡು ಒಂದು ತುತ್ತು ಹೆಚ್ಚಿಗೆ ಬಡಿಸಿದರು.

ಸಂಜೆ ಜಗಲಿಯಲ್ಲಿ ನಮ್ಮಿಬ್ಬರದು ಪೇಪರ್ ಓದುವ ಹೊತ್ತು. ಚಾಚಾಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಟೀ ಅಂಗಡಿಯವನು ಓದಿ ಮುಗಿಸಿದ ಪೇಪರನ್ನು ಮಡಚಿ ತರುತ್ತಿದ್ದರು, ನಾನು ಓದುತ್ತಿದ್ದೆ. ಕೊರಿಯಾ, ಕೈರೋ, ಕೋಲಾರದ ಗಣಿ, ಎಲ್ಲದರ ಬಗ್ಗೆಯೂ ಅವರಿಗೆ ಒಂದು ಪ್ರಶ್ನೆ ಇರುತ್ತಿತ್ತು. “ನಿನಗೇನನ್ನಿಸ್ತದೆ ಬೇಟಾ?” ಎಂದು ಕೇಳಿ, ನಾನು ಹೇಳುವುದನ್ನು ಬೀಡಿ ಆರಿಹೋಗುವ ತನಕ ಕೇಳುತ್ತಿದ್ದರು. ಅಷ್ಟು ಗಮನ ಕೊಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆಮೇಲೂ ಕೇಳಿದವರು ಕಡಿಮೆ.

ಮೂರನೆಯ ವರ್ಷ ಊರಲ್ಲಿ ಗುಸುಗುಸು ಶುರುವಾಯಿತು. ಸರ್ಕಾರ ಯಾವುದೋ ಹೊರದೇಶದ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಳ್ಳುತ್ತಿದೆಯಂತೆ, ನಮ್ಮಿಂದ ಏನೇನೋ ಅಲ್ಲಿಗೆ ಹೋಗುತ್ತದಂತೆ, ಅಲ್ಲಿಂದ ರೇಷ್ಮೆ ನೂಲು ಬರುತ್ತದಂತೆ. ಪೇಪರಿನಲ್ಲಿ ‘ಮಾತುಕತೆ ನಡೆದಿದೆ’ ಎಂಬ ನಾಲ್ಕು ಸಾಲು ಬಿಟ್ಟರೆ ಬೇರೇನಿಲ್ಲ. ಟೀ ಅಂಗಡಿಯಲ್ಲಿ ದಿನವೂ ಜಗಳ. ನೇಕಾರರಿಗೆ ಅಗ್ಗದ ನೂಲು ಬೇಡವೇ ಎಂದು ಕೆಲವರು. ಹಾಗಾದರೆ ಸಾದಲಿ ಕಡೆಯ ರೈತರ ಗೂಡನ್ನು ಯಾರು ಕೊಳ್ಳುತ್ತಾರೆ ಎಂದು ಉಳಿದವರು. ಎಷ್ಟು ನೂಲು, ಯಾವಾಗ, ಎಷ್ಟು ವರ್ಷ? ಇದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾಯಿತು. ಮೇಲಿನಿಂದ ಬಂದ ಅರಗಿನ ಮುದ್ರೆಯ ಲಕೋಟೆಯಲ್ಲಿದ್ದ ಪತ್ರಕ್ಕೆ ಮೂರು ಪ್ರತಿ ಟೈಪ್ ಮಾಡಲು ಸಾಹೇಬರು ನನಗೇ ಕೊಟ್ಟರು. ಒಪ್ಪಂದ ಆಗಿಹೋಗಿತ್ತು. ಮುಂಗಾರಿನ ಹೊತ್ತಿಗೆ ಹೊರಗಿನ ನೂಲು ಬರಲಿತ್ತು, ಅದೂ ಸ್ವಲ್ಪವಲ್ಲ. ಸಾಹೇಬರು ಪ್ರತಿಗಳನ್ನು ಎಣಿಸಿ ತೆಗೆದುಕೊಂಡು, “ಇನ್ನೂ ಕಾಯಂ ಆಗಿಲ್ಲ ನೀನು. ಬಾಯಿ ಭದ್ರ” ಎಂದರು.

ಅದಾದ ವಾರಕ್ಕೆ ಗೂಡಿನ ಮಾರುಕಟ್ಟೆಯ ಅಂಗಳದಲ್ಲಿ ಸಭೆ ಸೇರಿತು. ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ದೇಶದ ಹಿತ, ತಾಳ್ಮೆ, ಊಹಾಪೋಹಗಳಿಗೆ ಕಿವಿಗೊಡಬೇಡಿ ಎಂದೆಲ್ಲ ಮಾತಾಡಿ, “ಎರಡು ಸರ್ಕಾರಗಳ ನಡುವಿನ ವಿಷಯ, ವಿವರ ಹೇಳುವಂತಿಲ್ಲ” ಎಂದರು. ಚಾಚಾ ಎದ್ದು ನಿಂತರು. ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲದ ಮನುಷ್ಯ, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡಿದ್ದರು.

“ಸಾಹೇಬ್ರೇ, ಈ ಮಾರ್ಕೆಟ್ಟಲ್ಲಿ ನಾವೂ ಗುಟ್ಟಾಗೇ ವ್ಯಾಪಾರ ಮಾಡೋದು. ಟವೆಲ್ ಕೆಳಗೆ ರೈತನ ಬೆರಳು ಹಿಡೀತೀನಿ, ಬೆರಳಲ್ಲೇ ರೇಟು ಹೇಳ್ತೀನಿ. ಪಕ್ಕದಲ್ಲಿರೋನಿಗೂ ಗೊತ್ತಾಗಲ್ಲ. ಆದ್ರೆ ಮಾಲು ಯಾರದೋ ಅವನ ಕೈ ಟವೆಲ್ ಒಳಗೇ ಇರ್ತದೆ. ಬೇಡ ಅಂದ್ರೆ ಕೈ ಎಳ್ಕೋಬೋದು. ನಿಮ್ಮ ಈ ವ್ಯಾಪಾರದಲ್ಲಿ ನಮ್ಮ ಕೈ ಎಲ್ಲಿದೆ ಸಾರ್? ನೂಲು ತರ್ಬೇಡಿ ಅಂತ ನಾನು ಹೇಳ್ತಾ ಇಲ್ಲ. ಕಾಗದ ತೋರ್ಸಿ ಅಂತೀನಿ, ಅಷ್ಟೇ.”

ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ಕೂಗತೊಡಗಿದರು. ಅಧಿಕಾರಿ ಕೈಗಡಿಯಾರ ನೋಡಿಕೊಂಡು ಜೀಪು ಹತ್ತಿದರು. ಕಡತ ಹಿಡಿದು ಹಿಂದೆ ನಿಂತಿದ್ದ ನಾನು ತಲೆ ಎತ್ತಲಿಲ್ಲ.

ಆ ಸಂಜೆ ಪೇಪರ್ ಓದಲಿಲ್ಲ. ಚಾಚಾ ಹಿಂಜರಿಯುತ್ತಲೇ ಕೇಳಿದರು.

“ಬೇಟಾ, ಚಾಚಿ ಒಡವೆ ಮಾರಿ ಇನ್ನೆರಡು ಚರಕ ಹಾಕಣ ಅಂತಾಳೆ. ಮಗಳ ಗಂಡನ್ನೂ ಚಿಂತಾಮಣಿಯಿಂದ ಕರೆಸ್ಕೊಂಡು ಇಲ್ಲೇ ಕೆಲ್ಸಕ್ಕೆ ಹಚ್ಚಣ ಅಂತ. ಹೊರಗಿನ ನೂಲು ಬರೋದು ದಿಟ ಆದ್ರೆ ಬೇಡ. ನಿಮ್ಮ ಆಫೀಸಿಗೆ ಏನಾದ್ರೂ ಬಂದೈತಾ?”

“ನನಗೇನೂ ಗೊತ್ತಿಲ್ಲ ಚಾಚಾ” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು… ಅವರು ನನ್ನ ಮುಖವನ್ನು ನೋಡಿ, “ನಿನಗೇ ಗೊತ್ತಿಲ್ಲ ಅಂದ್ರೆ ಏನೂ ಇಲ್ಲ ಬಿಡು” ಎಂದು ಹಗುರಾಗಿ ಎದ್ದರು. ಒಳಗಿನಿಂದ ಊಟಕ್ಕೆ ಕರೆದಾಗ, ಹೊಟ್ಟೆ ಸರಿಯಿಲ್ಲವೆಂದು ನಾನು ಕೋಣೆಯಲ್ಲೇ ಉಳಿದೆ.

ತಿಂಗಳೊಳಗೆ ಹಿತ್ತಲಲ್ಲಿ ಎರಡು ಹೊಸ ಚರಕ ಬಂದವು. ಚಾಚಿಯ ಕೈ ಬೋಳಾಗಿತ್ತು. ಅಳಿಯ ಹೆಂಡತಿ ಮಗುವಿನೊಂದಿಗೆ ಬಂದಿಳಿದ. ಮನೆ ತುಂಬ ಗಲಾಟೆ, ನಗು. ದಿನಾ ಬೆಳಿಗ್ಗೆ ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ, ದಿನಾ ಕಚೇರಿಗೆ ಹೊರಡುತ್ತಿದ್ದೆ. ಮಳೆ ಶುರುವಾದ ಮೇಲೆ ಹೊರಗಿನ ನೂಲು ಬಂತು. ನಮ್ಮ ಊರಿನ ನೂಲನ್ನು ಕೇಳುವವರಿಲ್ಲದಾಯಿತು. ಮೊದಲು ಹೊಸ ಚರಕಗಳು ನಿಂತವು, ದಸರಾ ಕಳೆಯುವಷ್ಟರಲ್ಲಿ ಹಳೆಯದರಲ್ಲೂ ಒಂದು. ಅಳಿಯ ಮತ್ತೆ ಚಿಂತಾಮಣಿಗೆ ಹೋದ, ಹೋಗುವಾಗ ಮಾವನ ಜೊತೆ ಒಂದು ಮಾತೂ ಆಡಲಿಲ್ಲ.

ಅದೇ ಚಳಿಗಾಲದಲ್ಲಿ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಬಸ್ಸಿನ ತನಕ ಚಾಚಾ ನನ್ನ ಟ್ರಂಕನ್ನು ತಾವೇ ಹೊತ್ತರು, ಬೇಡವೆಂದರೂ ಬಿಡಲಿಲ್ಲ. ಅಲ್ಲಿ, ಜನರ ನಡುವೆ ಹೇಳಿದೆ.

“ಚಾಚಾ, ಆವತ್ತು ನೀವು ಕೇಳಿದಾಗ ನನಗೆ ಗೊತ್ತಿತ್ತು. ಆ ಕಾಗದ ಟೈಪ್ ಮಾಡಿದ್ದೇ ನಾನು.”

ಅವರು ಟ್ರಂಕಿನ ಹಿಡಿಯಿಂದ ಕೈ ತೆಗೆಯಲಿಲ್ಲ.

“ಆ ದಿನ ನೀನು ಊಟಕ್ಕೆ ಬರ್ಲಿಲ್ಲ. ಅವಾಗ್ಲೇ ನನಗೆ ಅರ್ಥ ಆಗ್ಬೇಕಿತ್ತು.” ಆಮೇಲೆ ನನ್ನ ಭುಜ ತಟ್ಟಿದರು. “ನಿನ್ನ ಅನ್ನ ಅದ್ರಲ್ಲಿತ್ತು ಬೇಟಾ. ನಾನು ಕೇಳಬಾರ್ದಿತ್ತು. ಚಾಚಿಗೆ ಹೇಳಲ್ಲ, ಬಿಡು.”

ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು…

ಮುಂದೆ ಹತ್ತು ವರ್ಷ, ಪ್ರತಿ ರಂಜಾನಿಗೆ ನಾನು ಶಿಡ್ಲಘಟ್ಟಕ್ಕೆ ಹೋದೆ. ಚಾಚಿ ಅದೇ ಪ್ರೀತಿಯಿಂದ ಬಡಿಸಿದರು. ಚಾಚಾ ನನ್ನ ಮದುವೆ, ಮಕ್ಕಳು, ತಾಯಿಯ ಮಂಡಿನೋವು ಎಲ್ಲವನ್ನೂ ವಿಚಾರಿಸಿದರು. ಜಗಲಿಯಲ್ಲಿ ಪೇಪರ್ ಬಿದ್ದಿರುತ್ತಿತ್ತು, ಓದು ಎನ್ನುತ್ತಿರಲಿಲ್ಲ. ರೇಷ್ಮೆಯ ಮಾತಾಗಲಿ, ಸರ್ಕಾರದ ಮಾತಾಗಲಿ ಎತ್ತುತ್ತಿರಲಿಲ್ಲ. ಯಾವುದರ ಬಗ್ಗೆಯೂ ನನಗೇನನ್ನಿಸುತ್ತದೆ ಎಂದು ಮತ್ತೆಂದೂ ಕೇಳಲಿಲ್ಲ. ಕೇಳಿ ನನ್ನನ್ನು ಸಂಕಟಕ್ಕೆ ಸಿಕ್ಕಿಸಬಾರದು ಎಂದಿದ್ದಿರಬಹುದು. ಇಲ್ಲವೇ, ನನ್ನ ಉತ್ತರವನ್ನು ನಂಬುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೇನೋ. ಆಮೇಲೆ ದೂರದ ಊರುಗಳಿಗೆ ವರ್ಗವಾಗಿ ಹೋಗುವುದು ತಪ್ಪಿತು. ಅವರು ತೀರಿಕೊಂಡ ಸುದ್ದಿ ಬರೆದ ಕಾರ್ಡು ನನ್ನ ಹಳೆಯ ವಿಳಾಸಗಳನ್ನೆಲ್ಲ ಸುತ್ತಿ, ಹದಿನೈದು ದಿನ ತಡವಾಗಿ ಕೈಸೇರಿತು. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ಬೆಳಿಗ್ಗೆ ವಾಕಿಂಗ್ ಮುಗಿಸಿ ನಾವು ನಾಲ್ಕು ಜನ ಮುದುಕರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂರುತ್ತೇವೆ. ಈಚೆಗೆ ಮತ್ತೆ ಯಾವುದೋ ದೇಶದ ಜೊತೆಗಿನ ವ್ಯಾಪಾರ ಒಪ್ಪಂದದ ಸುದ್ದಿ. ಸಹಿ ಬೀಳುವ ತನಕ ವಿವರ ಹೊರಗೆ ಬರುವುದಿಲ್ಲವಂತೆ. ಗೆಳೆಯರೊಬ್ಬರು, “ಅವೆಲ್ಲ ಜನರಿಗೆ ಅರ್ಥ ಆಗೋ ವಿಷಯಾನೇನ್ರೀ? ಕೇಳಿ ಏನು ಮಾಡ್ತಾರೆ?” ಎಂದರು. ನಾನು ಇಂಥ ಮಾತುಗಳಲ್ಲಿ ಬಾಯಿ ಹಾಕುವವನಲ್ಲ. ಆದರೆ ಆ ದಿನ ತಡೆಯಲಾಗಲಿಲ್ಲ. ಅರ್ಥವಾಗುತ್ತದೆ, ನನಗಿಂತ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ, ಅದರಿಂದಲೇ ಕೇಳುತ್ತಾರೆ ಎಂದೆ. ಗೆಳೆಯರು ಗಾಬರಿಯಾಗಿ, “ಯಾಕೆ ಸಾರ್, ಏನಾಯ್ತು?” ಎಂದರು.

ಏನೂ ಇಲ್ಲ ಎಂದು ಎದ್ದೆ. ಆ ಮಾತನ್ನು ಕೇಳಬೇಕಾಗಿದ್ದ ಒಬ್ಬರು ಶಿಡ್ಲಘಟ್ಟದ ಮಣ್ಣಲ್ಲಿ ಮಲಗಿ ಎಷ್ಟೋ ವರ್ಷಗಳಾಗಿವೆ.