ಭಂಡಾರ ಮುಟ್ಟಿ ನೀನು ಹೇಳಿದ್ದು ನಿಜ

ಸಾರಿಕಾ, ನಿನ್ನ ನಿಂಬೆ ನೀರಿನಲ್ಲಿ ಗುಳಿಗೆ ಕಲಸಿದವನು ನಾನು. ನಿನಗೆ ಕುಸ್ತಿ ಕಲಿಸಿದ ವಸ್ತಾದ—ನಾನೇ. ಆರು ವರ್ಷ ಇದನ್ನು ನುಂಗಿಕೊಂಡು ಮೀಸೆ ತಿರುವುತ್ತ ಓಡಾಡಿದ್ದೇನೆ.

ಅದು ನನ್ನ ಹೆಂಡತಿಯ ಗುಳಿಗೆ. ಅವಳ ಹೃದಯ ಸೋತು ಕಾಲು ಬಾತಾಗ ಮಿರಜದ ಡಾಕ್ಟರರು ಬರೆದುಕೊಟ್ಟದ್ದು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ನಾಲ್ಕು ದಿನದಲ್ಲಿ ಬಾವು ಇಳಿದು, ಅವಳು ಮಲಗಿಯೂ ಸರಾಗವಾಗಿ ಉಸಿರಾಡತೊಡಗಿದ್ದಳು. ಅವಳ ಜೀವ ಉಳಿಸಿದ್ದು ನಿನಗೇನು ಮಾಡೀತು—ಹಾಗೆ ಅಂದುಕೊಂಡೆ.

ಅಂದು ಸ್ಪರ್ಧೆಯ ತೂಕಕ್ಕೆ ಒಂದೇ ದಿನ ಉಳಿದಿತ್ತು. ನೀನು ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಕವಲಾಪುರದ ರಸ್ತೆಯಲ್ಲಿ ಓಡಿ ಬಂದರೂ ನಿನ್ನ ವರ್ಗದ ಮಿತಿಗಿಂತ ಮುಕ್ಕಾಲು ಕಿಲೋ ಹೆಚ್ಚೇ ಇತ್ತು. ಬಾದಾಮಿ ಅರೆಯುವ ಕಲ್ಲಿನಲ್ಲೇ ಗುಳಿಗೆ ಅರೆದೆ. ವಸ್ತಾದ ಕೈಯಾರೆ ಕೊಟ್ಟದ್ದನ್ನು ಏನೆಂದು ಕೇಳುವ ರೂಢಿ ನಮ್ಮ ತಾಲೀಮಿನ ಗರಡಿಯಲ್ಲಿಲ್ಲ. ನೀನೂ ಕೇಳಲಿಲ್ಲ, ಎರಡು ಗುಟುಕು ಕುಡಿದು ಲೋಟ ಕೊಟ್ಟೆ. ಶೀತದ ಗುಳಿಗೆಯನ್ನೂ ಕೇಳದೆ ತಿನ್ನಬಾರದೆಂದು ಕುಸ್ತಿ ಶಿಬಿರದಲ್ಲಿ ಹೇಳಿದ್ದನ್ನು ನೀನೇ ಬಂದು ನನಗೆ ತಿಳಿಸಿದ್ದೆ. ಹೇಳಿದರೆ ನೀನು ಕುಡಿಯುತ್ತಿರಲಿಲ್ಲ—ಅದಕ್ಕೇ ಹೇಳಲಿಲ್ಲ. ತಿಳಿಯದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ತೂಕ ಮಿತಿಯೊಳಗೆ ಬಂತು. ಕೊನೆಯ ಕುಸ್ತಿಯಲ್ಲಿ ಮೀನಖಂಡ ಸೆಳೆದು ನೀನು ಸೋತೆ. ಆಮೇಲೆ ಮೂತ್ರದ ಪರೀಕ್ಷೆ. ಕೆಲವು ವಾರದ ಮೇಲೆ, ಆ ಗುಳಿಗೆಯ ಅಂಶ ಸಿಕ್ಕಿದೆ ಎಂಬ ಕಾಗದ ಬಂತು. ಆ ಗುಳಿಗೆ ಬೇರೆ ಮದ್ದುಗಳ ಗುರುತನ್ನೂ ಮರೆಮಾಡುತ್ತದಂತೆ, ಅದಕ್ಕೇ ಆಟದಲ್ಲಿ ನಿಷೇಧ. ನಿನ್ನನ್ನು ಎರಡು ವರ್ಷ ಹೊರಗಿಟ್ಟರು.

ಅದಕ್ಕಿಂತ ದೊಡ್ಡದು ನಿನ್ನ ಮನೆಯಲ್ಲಿ ನಡೆಯಿತು. ನಿನ್ನಪ್ಪ ಮಾಯಪ್ಪ, ಕುರಿ ಸಾಕಿ ಬದುಕಿದವನು, ನಿಮ್ಮ ಮನೆದೇವರು ಬೀರಪ್ಪನ ಭಂಡಾರವನ್ನು ತಟ್ಟೆಯಲ್ಲಿ ತಂದು ನಿನ್ನ ಮುಂದಿಟ್ಟ. ಆ ಅರಿಸಿನ ಪುಡಿ ಮುಟ್ಟಿ ಸುಳ್ಳಾಡಿದವರಿಗೆ ನಿಮ್ಮ ಮನೆತನದಲ್ಲಿ ಜಾಗವಿಲ್ಲ. ಅಲ್ಲೇ ಕೂತಿದ್ದ ನನ್ನೆದುರೇ ನೀನು ಮುಟ್ಟಿದೆ.

"ನಾ ಏನೂ ತಗೊಂಡಿಲ್ಲಪ್ಪಾ. ಬೇಕಾದ್ರ ವಸ್ತಾದರನ್ನ ಕೇಳು."

ಅವನು ನನ್ನ ಕಡೆ ನೋಡಿದ. ನಾನು—ನೆಲ ನೋಡಿದೆ.

"ಕುಸ್ತಿ ಹೋದ್ರ ಹೋಗ್ಲಿ," ಅಂದ ಅವನು. "ದೇವರ ಮುಂದ ಸುಳ್ಳ ಹೇಳಿದಿ." ಅಂದಿನಿಂದ ನೀನು ಬಡಿದ ರೊಟ್ಟಿಯನ್ನು ಅವನು ಮುಟ್ಟಲಿಲ್ಲ.

ಬಾಯಿ ಬಿಟ್ಟರೆ ಉಳಿದ ಹುಡುಗಿಯರನ್ನೂ ಮನೆಯವರು ತಾಲೀಮು ಬಿಡಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಬರೀ ಸುಳ್ಳು. ನನಗೆ ನನ್ನ ಹೆಸರು ಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಜನ ಬೇಲಿಗೇ ಕೈ ಮುಗಿಯುತ್ತಿದ್ದರು.

ಇಷ್ಟೇ ಆಗಿದ್ದರೆ... ಇಲ್ಲ, ಇಷ್ಟೇ ಅಲ್ಲ. ಕಳೆದ ತಿಂಗಳು ಮಿರಜದ ಆಸ್ಪತ್ರೆಯಲ್ಲಿ ಮಾಯಪ್ಪನ ಪಕ್ಕ ಕೂತಿದ್ದೆ. ನೀನು ಕುಪವಾಡದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದ.

"ವಸ್ತಾದ, ಖರೇ ಹೇಳ್ರಿ. ನನ್ನ ಮಗಳು ಸುಳ್ಳ ಹೇಳಿದ್ಲೇನ್ರಿ?"

"ಆಗಿದ್ದ ಆತು, ಮಾಯಪ್ಪ. ಈಗ್ಯಾಕ ಅದು?"

ಅವನು ಕೈ ಬಿಟ್ಟು ಗೋಡೆಯ ಕಡೆ ಹೊರಳಿದ. ಮೂರನೆಯ ದಿನ ತೀರಿಕೊಂಡ. ಇಲ್ಲ ಅನ್ನುವ ಒಂದೇ ಮಾತು ಸಾಕಿತ್ತು, ಅದು ನಾಲಿಗೆಯ ಮೇಲೇ ಇತ್ತು. ಅದನ್ನು ಕೇಳಿ ನಿನ್ನನ್ನು ಹತ್ತಿರ ಕರೆಯಬೇಕಾದವನು ಈಗಿಲ್ಲ.

ಪರೀಕ್ಷೆ ಮಾಡಿದವರಿಗೆ ಎಲ್ಲವನ್ನೂ ಬರೆದು ಕಳಿಸಿದ್ದೇನೆ. ಭಾನುವಾರ ತಾಲೀಮಿನಲ್ಲಿ, ಹುಡುಗಿಯರ ಮತ್ತು ಅವರ ತಂದೆತಾಯಿಗಳ ಎದುರು, ಈ ಕಾಗದವನ್ನು ನಾನೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನಪ್ಪನನ್ನು ಮಣ್ಣು ಮಾಡಿದ ದಿನ, ಅಷ್ಟು ಅಳುವಿನ ನಡುವೆಯೂ, ನೀನು ಬಗ್ಗಿ ನನ್ನ ಕಾಲು ಮುಟ್ಟಿದೆ. ನಾನು ಸುಮ್ಮನೆ ಮುಟ್ಟಿಸಿಕೊಂಡೆ. ಇನ್ನು ಮುಟ್ಟಬೇಡ.