ಗೂಳಪ್ಪ ಕಾಕಾ ಕತ್ತರಿಸಿದ ಕೊಡ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೆಟ್ಟದಾಗಿದೆ. ಮಾತೂ ಅಷ್ಟಕ್ಕಷ್ಟೇ. ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಪ್ರತಿ ಸಾಲನ್ನೂ ಎರಡು ಸಲ ಓದಿ ನೋಡಿದ್ದೇನೆ; ಆದರೂ ತಪ್ಪಿದ್ದರೆ ಕ್ಷಮಿಸಬೇಕು.

ನಮ್ಮ ಗೂಳಪ್ಪ ಕಾಕಾ ಬನಹಟ್ಟಿಯ ಭಾಂಡೆ ಅಂಗಡಿಯೊಂದರ ಮುಂದೆ ಕುಳಿತು ಮೂವತ್ತೈದು ವರ್ಷ ಪಾತ್ರೆಗಳ ಮೇಲೆ ಹೆಸರು ಕೆತ್ತಿದವರು. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುವುದು ಪ್ರೀತಿಗೆ ಎಂದು ಜನ ಹೇಳುತ್ತಾರೆ. ಬಟ್ಟಲು ಸಣ್ಣದಾದಷ್ಟೂ ಹೆಸರು ದೊಡ್ಡದಾಗಿ ಬೇಕಾಗುತ್ತದೆ ಎನ್ನುತ್ತಾರೆ ಕಾಕಾ. ಈಗ ಎಲ್ಲರೂ ದುಡ್ಡಿನ ಪಾಕೀಟು ಕೊಡುತ್ತಾರೆ. ಕೆಲಸ ಕಡಿಮೆಯಾದ ಮೇಲೆ ಕಾಕಾ ಕಲಾವಿದರಾದರು. ಯಾರೂ ಕೇಳಿಕೊಂಡಿರಲಿಲ್ಲ. ತಾಮ್ರದ ಮೇಲೆ ಚಿತ್ರ ಕೊರೆದು, ಅಂಚಿಗೆ ತೂತು ಹಾಕಿ, ಮಗ್ಗದಲ್ಲಿ ಉಳಿದ ನೂಲಿನಿಂದ ಸೀರೆಯ ಹಾಗೆ ದಡಿ ನೇಯುವುದು ಅವರ ವಿಚಾರ.

ಅವರ ಹೆಂಡತಿ ಲಕ್ಷ್ಮವ್ವ ಕಾಕು ಸಾವಳಗಿಯ ತಂಗಿಯ ಮನೆಗೆ ಹೋದ ದಿನ ಕಾಕಾ ಅಟ್ಟದಿಂದ ತಾಮ್ರದ ಕೊಡ ಇಳಿಸಿದರು.

"ಕಾಕಾ, ಅದು ಕಾಕುನ ತವರಮನಿದು," ಎಂದೆ.

"ತೂತ ಬಿದ್ದೈತಿ ಬೇ. ಇದರಾಗ ನೀರ ನಿಂದ್ರೂದಿಲ್ಲ. ಸುಮ್ನ ಹಿಡಿ."

ಹಿಡಿದೆ. ಅದು ನನ್ನ ತಪ್ಪು. ಕಾಕಾ ಕೊಡದ ಹೊಟ್ಟೆಯನ್ನು ತಗಡಿನ ಕತ್ತರಿಯಿಂದ ಸೀಳಿ, ಗ್ಯಾಸಿನ ಮೇಲೆ ಕೆಂಪಗೆ ಕಾಯಿಸಿ, ನೀರಿಗೆ ಹಾಕಿದರು. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗುತ್ತದೆ. ಮರದ ಸುತ್ತಿಗೆಯಿಂದ ಬಡಿದು ಸಪಾಟು ಮಾಡಿದೆವು. ಕಂಠ ಮಾತ್ರ ಬಗ್ಗಲಿಲ್ಲ. ಅದನ್ನು ಕಾಕಾ ಕತ್ತರಿಸಿ ತೆಗೆದರು; ನಾನೇ ಗುಜರಿಯ ಅಮಸಿದ್ದಪ್ಪನಿಗೆ ಕೊಟ್ಟು ಬಂದೆ. ಆಮೇಲೆ ತಗಡಿಗೆಲ್ಲ ನನ್ನ ನೇಲ್ ಪಾಲಿಶ್ ಬಳಿದೆವು. ಒಣಗಿದ ಮೇಲೆ ಕಾಕಾ ಸೂಜಿಯಿಂದ ಮುಧೋಳ ನಾಯಿಯನ್ನು ಗೀಚಿದರು. ಉಪ್ಪುನೀರಿನಲ್ಲಿ ಮುಳುಗಿಸಿ ಬೈಕಿನ ಹಳೆಯ ಬ್ಯಾಟರಿ ಜೋಡಿಸಿದೆವು. ಪಾಲಿಶ್ ಇದ್ದಲ್ಲಿ ತಾಮ್ರ ಉಳಿಯುತ್ತದೆ, ಗೀಚಿದಲ್ಲಿ ಸವೆಯುತ್ತದೆ. ಮೂರು ತಾಸಿನ ಮೇಲೆ ತೆಗೆದಾಗ ನಾಯಿಗೆ ಐದು ಕಾಲುಗಳಿದ್ದವು. ಒಂದು ಬಾಲ ಎಂದರು ಕಾಕಾ.

ಮರುದಿನ ಕಾಕು ಬಂದರು. ನಾಯಿಯನ್ನು ನೋಡಿದರು, ಆಮೇಲೆ ಅಟ್ಟವನ್ನು ನೋಡಿದರು.

"ಕಂಠ ಎಲ್ಲೈತ್ರಿ?"

"ಯಾ ಕಂಠ?"

"ನಮ್ಮವ್ವನ ಹೆಸರಿದ್ದ ಕಂಠ. ಸಾತವ್ವ ಅಂತ ನೀವ ಕೆತ್ತಿದ್ರಿ, ನಮ್ಮ ಲಗ್ನಕ್ಕಿಂತ ಮೊದ್ಲ. ಆಕೀದೊಂದು ಫೋಟೋ ಸುದ್ದಾ ಇಲ್ಲ. ಇದ್ದದ್ದು ಅದೊಂದ ಹೆಸರ."

ಕಾಕಾಗೆ ನೆನಪೇ ಇರಲಿಲ್ಲ. ಗಿರಾಕಿ ಬರೆದುಕೊಟ್ಟ ಚೀಟಿ ನೋಡಿ ಕೆತ್ತುವವರು ಹೆಸರನ್ನು ಓದುವುದಿಲ್ಲ, ಗೆರೆ ನೋಡುತ್ತಾರೆ ಅಷ್ಟೆ.

ನಾನು ಚಪ್ಪಲಿ ಹಾಕದೆ ಓಡಿದೆ. ಅಮಸಿದ್ದಪ್ಪ ಆ ಕಂಠದ ಮೇಲೆ ಕುಡಿಯುವ ನೀರಿನ ಗಡಿಗೆ ಕೂಡಿಸಿದ್ದ.

"ಎಷ್ಟ ಛಲೋ ಕುಂತೈತಿ ನೋಡ ತಂಗಿ, ಒಟ್ಟ ಅಲ್ಲಾಡೂದಿಲ್ಲ."

ನನಗೆ ಜನರ ಮುಂದೆ ಮಾತು ಬರುವುದಿಲ್ಲ. ನನ್ನ ವೇಲನ್ನು ಸಿಂಬೆ ಸುತ್ತಿ, ಗಡಿಗೆಯನ್ನು ಅದರ ಮೇಲಿಟ್ಟು, ಕಂಠ ತೆಗೆದುಕೊಂಡು ಬಂದೆ. ಹಿಂದಿನಿಂದ ಅವನು ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ.

ಕಾಕು ಹೆಸರನ್ನು ಸೆರಗಿನಿಂದ ಒರೆಸಿದರು. ಕಾಕಾ ಸಣ್ಣ ದನಿಯಲ್ಲಿ, "ಬೆಸಿಗಿ ಹಾಕಿ ಮತ್ತ ಕೊಡಾ ಮಾಡ್ತೇನಿ," ಎಂದರು.

"ನಾಯಿ ಹೊಟ್ಯಾಗ ನೀರ ತುಂಬಲೇನ್ರಿ? ಬ್ಯಾಡ. ಈ ಕಂಠಾ ಅದರ ಮ್ಯಾಲ ಕೂಡ್ರಿಸಿ ನೂಲಿಂದ ಬಿಗೀರಿ. ದೇವರಮನಿ ಬಾಜೂಕ ಹಾಕೂನು. ನಿಮ್ಮ ಐದ ಕಾಲಿನ ನಾಯಿ ನಮ್ಮವ್ವನ್ನ ಕಾಯ್ಲಿ." ಆಮೇಲೆ, "ತೂತ ಮಾತ್ರ ನೀವ ಹಾಕಬ್ಯಾಡ್ರಿ. ಸ್ನೇಹಾ ಹಾಕ್ಲಿ," ಎಂದು ನನ್ನ ಕಡೆ ಕೈ ಮಾಡಿದರು.

ಕಾಕಾ ಡ್ರಿಲ್ ನನ್ನ ಕೈಗೆ ಕೊಟ್ಟರು. ಹೆಸರಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೇನೆ. ನಾಳೆ ಬೆಳಿಗ್ಗೆ, ಬೆಳಕು ಚೆನ್ನಾಗಿ ಬಂದ ಮೇಲೆ, ಆ ಗೆರೆಯ ಹೊರಗೆ ಹದಿನಾರು ತೂತು ಕೊರೆಯುತ್ತೇನೆ.